ಅವರು ಅಂದರೆ ಎಷ್ಟು ಜನ

ಗುಂಡಿ ಅಂಗಡಿಯ ಅಮ್ಮ ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಗುಂಡಿ ಎಂದರೆ ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ. ಗಿರಾಕಿಗೆ, ನೆಂಟರಿಗೆ ಬಹುವಚನ ಕೊಡುವುದು ದೊಡ್ಡ ಮಾತೇನಲ್ಲ, ಎಲ್ಲರೂ ಕೊಡುತ್ತಾರೆ. ಇವರು ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕಿಗೂ "ಸಾಕು, ಇನ್ನು ಹೊರಡಿ" ಅನ್ನುವವರು. ಬೆಕ್ಕು ಹೊರಡುತ್ತಿರಲಿಲ್ಲ, ಅದು ಬೇರೆ ವಿಷಯ. ಬೀದಿಯವರು ಅವರಿಗೆ ಬಹುವಚನದಮ್ಮ ಎಂದು ಅಡ್ಡಹೆಸರು ಇಟ್ಟಿದ್ದರು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಬೇಜಾರಿರಲಿಲ್ಲ. ನೋಡಿ, ನಾನೂ 'ಅವರು' ಅಂತಲೇ ಅನ್ನುತ್ತಿದ್ದೇನೆ. ಎಷ್ಟು ಜನ ಅಂತ ಎಣಿಸಲು ಹೋಗಬೇಡಿ. ಒಬ್ಬರೇ. ಗಿಡ್ಡ ಆಳು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೊರಳಲ್ಲಿ ಸದಾ ಜೋತಾಡುವ ಅಳತೆ ಟೇಪು.

ಈ ಚಟ ಅವರಿಗೆ ಅಂಟಿದ್ದು ಅಪ್ಪನಿಂದ. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅವರ ಕಿವಿಗೆ ಬೀಳುತ್ತಿದ್ದುದು "ಏಯ್", "ಬಾರೋ", "ಎತ್ತೋ", ಇಷ್ಟೇ. ಮನೆಗೆ ಬಂದು ಕಾಲು ತೊಳೆದು ಕೂತರೆ, ಮೊಣಕಾಲೆತ್ತರದ ಮಗಳನ್ನು "ಬನ್ನಿ ತಾಯಿ, ಏನು ಓದಿದಿರಿ ಇವತ್ತು?" ಎಂದು ಮಾತಾಡಿಸುತ್ತಿದ್ದರು. ತಮಗೆ ಸಿಗದ್ದನ್ನು ಮಗಳಿಗೆ ಕೈತುಂಬ ಕೊಡುತ್ತಿದ್ದರು ಎನ್ನೋಣ. ಒಮ್ಮೆ ಬುತ್ತಿ ಕೊಡಲು ಹೋದ ಹುಡುಗಿ ಮಂಡಿಯ ಮುಂದೆ ನಿಂತು, ಅಪ್ಪನಿಗಿಂತ ಅರ್ಧ ವಯಸ್ಸಿನ ಗುಮಾಸ್ತ ಅಪ್ಪನನ್ನು "ಎಲ್ಲಿ ಸತ್ತಿದ್ಯೋ" ಅನ್ನುವುದನ್ನು ಕೇಳಿಸಿಕೊಂಡಳು. ಅವಳಿಗೆ ಆ ಕ್ಷಣದಲ್ಲಿ ಬಂದ ಸಿಟ್ಟು ಮುಂದೆ ಎಂದೂ ಪೂರ್ತಿ ಇಳಿಯಲಿಲ್ಲ. ತನ್ನ ಬಾಯಿಂದ ಮಾತ್ರ ಯಾರಿಗೂ ಆ ಮಾತು ಬರಬಾರದು ಎಂದುಕೊಂಡಳು. ಮಕ್ಕಳ ಹಟ ಸಾಮಾನ್ಯವಾಗಿ ವಾರದಲ್ಲಿ ಕರಗುತ್ತದೆ. ಇದು ಕರಗಲಿಲ್ಲ.

ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಈ ಗುಣಕ್ಕೆ ನೀರು ಗೊಬ್ಬರ ಎರಡೂ ಬಿದ್ದವು. ತಂತಿಯ ಆ ಕಡೆ ಯಾರಿದ್ದಾರೋ ಯಾರು ಕಂಡರು! ಜಜ್ಜರೋ, ಜಾಡಮಾಲಿಯೋ, ಎಲ್ಲರೂ ಬರೀ ಧ್ವನಿ. ಎಲ್ಲರಿಗೂ ಒಂದೇ "ಹೇಳಿ", ಒಂದೇ "ಅವರು ಸಿಗುತ್ತಿಲ್ಲ". ಮೆಷಿನ್ನು ಬಂದು ಎಕ್ಸ್‌ಚೇಂಜು ಬಾಗಿಲು ಹಾಕಿದ ಮೇಲೆ ಅವರು ಮನೆಯ ಮುಂದಿನ ಕೋಣೆಯಲ್ಲಿ ಗುಂಡಿ, ನೂಲು, ಜಿಪ್ಪು, ಎಲಾಸ್ಟಿಕ್ಕಿನ ಅಂಗಡಿ ಇಟ್ಟರು. ಅಗಲ ಎಂದರೆ ಕೈ ಚಾಚಿದರೆ ಎರಡೂ ಗೋಡೆ ಸಿಗಬೇಕು, ಅಷ್ಟು. ಗೋಡೆಯ ತುಂಬ ಸಣ್ಣ ಸಣ್ಣ ರಟ್ಟಿನ ಡಬ್ಬಿ, ಒಳಗಿರುವುದರ ಗುರುತಿಗೆ ಪ್ರತಿ ಡಬ್ಬಿಯ ಮೂತಿಗೆ ಒಂದು ಗುಂಡಿ ಹೊಲಿದಿರುತ್ತಿತ್ತು. ಟೈಲರುಗಳು ಬಟ್ಟೆಯ ತುಂಡು ಹಿಡಿದು ಬರುತ್ತಿದ್ದರು. ಅಮ್ಮ ಅದನ್ನು ಹೊಸ್ತಿಲಿನ ಬೆಳಕಿಗೆ ಒಯ್ದು, ತಲೆ ಓರೆ ಮಾಡಿ ನೋಡಿ, ಸರಿಯಾದ ಡಬ್ಬಿಗೆ ಕೈ ಹಾಕುತ್ತಿದ್ದರು. ಗುಂಡಿ ಬಟ್ಟೆಗೆ ಒಪ್ಪಿತು ಎಂದರೆ ಅವರ ಮುಖದಲ್ಲಿ, ಸಂಬಂಧ ಕುದುರಿಸಿದವರ ಕಳೆ.

ಅವರ ಯಜಮಾನರು ಅಚ್ಚುಕೂಟದಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿ ನಿವೃತ್ತರಾದವರು. ಹೆಂಡತಿಯನ್ನು ರೇಗಿಸುವುದೇ ಈಗ ಅವರ ಉದ್ಯೋಗ. "ಎಲ್ಲ ಅಕ್ಷರಕ್ಕಿಂತ 'ರು' ಜಾಸ್ತಿ ಸವೆಯೋದು ನಮ್ಮನೇಲೇ" ಅನ್ನುತ್ತಿದ್ದರು. ಒಮ್ಮೆ ಹಾಲಿನವನು "ಮನೇಲಿ ಯಾರಿದ್ದಾರೆ?" ಎಂದಾಗ ಅಮ್ಮ "ಅವರಿದ್ದಾರೆ, ಒಳಗೆ ಮಲಗಿದ್ದಾರೆ, ಊರಿಂದ ಈಗ ಬಂದ್ರು" ಎಂದದ್ದಕ್ಕೆ, ಅವನು ಮನೆ ತುಂಬ ನೆಂಟರು ಎಂದುಕೊಂಡು ಕೇಳದೆಯೇ ಡಬಲ್ ಹಾಲು ಹುಯ್ದು ಹೋಗಿದ್ದ. ಆ ದಿನ ಯಜಮಾನರು ನಾಲ್ಕು ಜನರ ಪಾಲಿನ ಕಾಫಿ ಒಬ್ಬರೇ ಕುಡಿದು "ನಾನು ಬಹುವಚನ ಅಲ್ವಾ, ಬೇಕಾಗುತ್ತೆ" ಎಂದರು.

ಅಂಗಡಿಯ ಎದುರಿಗೆ ವಾಚ್ ರಿಪೇರಿಯ ತಾತನ ಗಾಜಿನ ಗೂಡು. ಅದರ ಪಕ್ಕಕ್ಕೆ ಕಟಿಂಗ್ ಶಾಪು. ಮೂಲೆಯಲ್ಲಿ ಕೊಡೆ ಕಟ್ಟಿಕೊಂಡು, ಅರ ಇಟ್ಟುಕೊಂಡು, ನಕಲಿ ಕೀ ಮಾಡಿಕೊಡುವ ಬೀಗದವನು. ಅವನನ್ನು ಊರೆಲ್ಲ ಬೀಗದವನು ಎನ್ನುತ್ತಿತ್ತು. ಅಷ್ಟೇನೂ ಒಳ್ಳೆಯವನಲ್ಲದ ನಾನೂ ಹಾಗೇ ಅನ್ನುತ್ತೇನೆ. ಅಮ್ಮ ಮಾತ್ರ "ಬೀಗದವರು" ಅನ್ನುತ್ತಿದ್ದರು. "ಯಾವಾಗಮ್ಮ ಬೀಗರಾದದ್ದು? ಮದುವೆಗೆ ನಮ್ಮನ್ನ ಕರೀಲೇ ಇಲ್ಲ" ಎಂದು ಕಟಿಂಗ್ ಶಾಪಿನವನು ನಗುತ್ತಿದ್ದ. ಬೀಗದವನಿಗೆ ಇಂಥ ಮಾತಿಗೆ ನಗು ಬರುತ್ತಿರಲಿಲ್ಲ. ತಲೆ ತಗ್ಗಿಸಿ ಅರ ಉಜ್ಜುತ್ತಿದ್ದ. ಆ ಕಸುಬಿನವರಿಗೆ ಒಂದು ಪೀಡೆ ಇದೆ. ಕೀ ಕಳೆದುಕೊಂಡು ಬಂದವರೂ ಕೆಲಸ ಮುಗಿದ ಮೇಲೆ ಅವರನ್ನು ಒಂಥರಾ ನೋಡಿ ಹೋಗುತ್ತಾರೆ.

ಅವತ್ತು ಮಧ್ಯಾಹ್ನ, ಬೀದಿ ಊಟ ಮಾಡಿ ತೂಕಡಿಸುವ ಹೊತ್ತು. ಅಮ್ಮ ಚಿಪ್ಪಿನ ಗುಂಡಿಗಳ ಡಬ್ಬಿ ಮಡಿಲಲ್ಲಿಟ್ಟುಕೊಂಡು ಒಡೆದವನ್ನು ಆರಿಸುತ್ತಿದ್ದರು. ಫಳಾರ್ ಎಂದು ಸದ್ದಾಯಿತು. ತಲೆ ಎತ್ತಿದರೆ, ವಾಚಿನ ತಾತನ ಗೂಡಿನ ಗಾಜು ಪುಡಿ. ಒಬ್ಬ ಮನುಷ್ಯ ರಿಪೇರಿಗೆ ಬಂದ ವಾಚುಗಳ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದಾನೆ. ಅಮ್ಮ ಧಡಕ್ಕನೆ ಎದ್ದರು. ಮಡಿಲಲ್ಲಿದ್ದ ಡಬ್ಬಿ ಬಿತ್ತು. ಗುಂಡಿಗಳು ಹೊಸ್ತಿಲು ದಾಟಿ ಬೀದಿಗೆ ಉರುಳಿದವು. ಅಂಗಡಿಯವರ ಕೈ, ನೋಡಿ, ಅದು ಮನಸ್ಸನ್ನು ಕೇಳುವುದಿಲ್ಲ. ಅವರು ಬಗ್ಗಿ ಗುಂಡಿ ಆರಿಸತೊಡಗಿದರು. ತಲೆ ಎತ್ತುವಷ್ಟರಲ್ಲಿ ಬೀದಿಯ ತುಂಬ ಜನ, ಕಳ್ಳ ಎಲ್ಲೂ ಇಲ್ಲ.

ಪೊಲೀಸಿನವರು ಬಂದು ಕಂಡವರನ್ನೆಲ್ಲ ಕೇಳಿದರು. ಕಂಡವರು ಮೂವರು.

ವಾಚಿನ ತಾತ ಆಗ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಹೊಟ್ಟೆಯೊಳಗೆ ಇಣುಕುತ್ತಿದ್ದರು. ಅವರಿಗೆ ಕಂಡದ್ದು ಒಂದು ಕೈ ಅಷ್ಟೇ. "ಕುಂಬಳಕಾಯಷ್ಟು ಹೆಬ್ಬೆರಳು ಸ್ವಾಮಿ. ಉಗುರಲ್ಲಿ ಕಪ್ಪು ಕೊಳೆ. ಅದೊಂದನ್ನ ಎಲ್ಲಿ ಕಂಡ್ರೂ ಗುರುತು ಹಿಡೀತೀನಿ" ಎಂದರು. ಕಟಿಂಗ್ ಶಾಪಿನವನು ಬೀದಿಗೆ ಬೆನ್ನು ಹಾಕಿ ಒಬ್ಬರ ಗಡ್ಡ ಹೆರೆಯುತ್ತಿದ್ದ, ಅವನು ಎಲ್ಲವನ್ನೂ ಎದುರಿನ ಕನ್ನಡಿಯಲ್ಲಿ ನೋಡಿದ್ದ. "ಇಬ್ಬರು ಸಾರ್. ಇಬ್ಬರೂ ಬಿಳಿ ಅಂಗಿ. ಕನ್ನಡೀಲಿ ಜೋಡೆತ್ತಿನ ಥರ ಪಾಸಾದ್ರು." ಅಮ್ಮನ ಸರದಿ ಬಂತು. ಪೇದೆ ಮರ್ಯಾದಸ್ಥ, ಅವನೂ ಬಹುವಚನದಲ್ಲೇ ಕೇಳಿದ.

"ಏನು ನೋಡಿದ್ರಿ ಅಮ್ಮ?"

"ಗಾಜು ಒಡೆದ ಸದ್ದಾಯ್ತು. ನೋಡ್ದೆ. ಅವರು ಪೆಟ್ಟಿಗೆ ಎತ್ಕೊಂಡು ಓಡಿಹೋದ್ರು."

"ಎತ್ತರ ಇದ್ರಾ?"

"ಇದ್ರು. ತೆಳ್ಳಗೆ, ಎತ್ತರಕ್ಕೆ ಇದ್ರು."

"ಅಂಗಿ?"

"ನೀಲಿ. ಆಕಾಶದ ನೀಲಿ ಅಲ್ಲ, ಶಾಯಿ ನೀಲಿ." ಬಣ್ಣದ ವಿಷಯದಲ್ಲಿ ಅವರಿಗೆ ಕೊಂಚ ಜಂಬವಿತ್ತು. ಪೇದೆ ಬರೆದುಕೊಂಡ, ಅಮ್ಮ ಓದಿ ಸಹಿ ಹಾಕಿದರು. 'ಅವರು ಓಡಿಹೋದರು' ಎಂದಿತ್ತು. ಅವರ ಕಣ್ಣಿಗೆ ಅದರಲ್ಲಿ ಒಂದು ತಪ್ಪೂ ಕಾಣಲಿಲ್ಲ.

ಮಾರನೆಯ ದಿನವೇ ಕಳ್ಳ ಸಿಕ್ಕಿಬಿದ್ದ. ಪೆಟ್ಟಿಗೆ ಅವನ ಬಳಿಯೇ ಇತ್ತು, ಆದರೆ ವಾಚುಗಳು ಅರ್ಧ ಇರಲಿಲ್ಲ. ಅಂಗಿ ಶಾಯಿ ನೀಲಿಯೂ ಅಲ್ಲ, ಬಿಳಿಯೂ ಅಲ್ಲ, ಕಾಫಿಪುಡಿಯ ಬಣ್ಣ. ಬೀದಿಯವರು ಅಮ್ಮನನ್ನು ನೋಡಿ ಮುಸಿಮುಸಿ ನಕ್ಕರು, ಅಮ್ಮನೂ ನಕ್ಕರು. "ಇನ್ಮೇಲೆ ನನ್ನ ಹತ್ರ ಗುಂಡಿ ಮ್ಯಾಚ್ ಮಾಡಿಸ್ಕೋಬೇಡಿ" ಎಂದರು. ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಆ ಸಂಜೆಯೇ ಪೊಲೀಸಿನವರು ಬೀಗದವನನ್ನು ಎಬ್ಬಿಸಿಕೊಂಡು ಹೋದರು. ಕಾರಣ ಸರಳ. ಕಳ್ಳರು ಇಬ್ಬರು ಎಂದು ಕಟಿಂಗ್ ಶಾಪಿನವನು ಹೇಳಿದ್ದಾನೆ. ಗುಂಡಿ ಅಂಗಡಿಯ ಅಮ್ಮನಂಥ ಹಿರಿಯರೂ 'ಅವರು' ಎಂದು ಬರೆಸಿದ್ದಾರೆ. ಸಿಕ್ಕವನ ಉಗುರು ಚೊಕ್ಕಟ, ತಾತ ಕಂಡ ಉಗುರು ಕಪ್ಪು. ಹಾಗಾದರೆ ಇನ್ನೊಬ್ಬ ಯಾರು? ಆ ಹೊತ್ತಿನಲ್ಲಿ ಬೀಗದವನೂ ಅದೇ ದಿಕ್ಕಿಗೆ ಓಡಿದ್ದನ್ನು ಪಕ್ಕದ ಬೀದಿಯವರು ಕಂಡಿದ್ದರು. ದಿನವಿಡೀ ಕಬ್ಬಿಣ ಉಜ್ಜುವವನ ಉಗುರು ಇನ್ನು ಯಾವ ಬಣ್ಣಕ್ಕಿರುತ್ತದೆ? "ನಾನು ಕಳ್ಳನ್ನ ಹಿಡಿಯೋಕೆ ಅಟ್ಟಿಸ್ಕೊಂಡು ಹೋದೆ" ಎಂದು ಅವನು ಗೋಗರೆದನಂತೆ. ಕಳ್ಳನನ್ನೇ ಕೇಳಿದರೆ, ಹೌದು, ಇವನೇ, ಉಳಿದ ವಾಚು ಇವನ ಹತ್ರಾನೇ ಇದೆ ಎಂದನಂತೆ. ಮೂವರು ಸಾಕ್ಷಿಗಳಲ್ಲಿ ಒಬ್ಬರೂ ಸುಳ್ಳು ಹೇಳಿರಲಿಲ್ಲ. ಮೂರೂ ನಿಜ ಸೇರಿ ಒಂದು ಸುಳ್ಳಾಗಿ ಬೀಗದವನ ಕೊರಳಿಗೆ ಸುತ್ತಿಕೊಂಡವು. ಅವನ ಕೊಡೆ ಮಡಿಸಿ ಮೂಲೆಗೆ ಒರಗಿಸಿದ್ದರು.

"ಕೀ ಮಾಡೋನು ತಾನೇ. ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದಿತು ಬೀದಿ. ನಿನ್ನೆಯವರೆಗೆ ಅವನಿಂದಲೇ ತಮ್ಮ ಮನೆಯ ಬೀಗ ತೆಗೆಸಿಕೊಂಡ ಬೀದಿ.

ಮರುದಿನ ಬೀಗದವನ ಹೆಂಡತಿ ಗುಂಡಿ ಅಂಗಡಿಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. ಕಟ್ಟೆ ಹಿಡಿದು ನಿಂತು, "ನೀವು ದಿನಾ ಅವರನ್ನ ಮರ್ಯಾದೆ ಕೊಟ್ಟು ಮಾತಾಡಿಸ್ತಿದ್ರಿ ಅಂತ ಮನೇಲಿ ಬಂದು ಹೇಳ್ತಿದ್ರು. ಈ ಬೀದೀಲಿ ಮನುಷ್ಯರು ಅಂತ ಇರೋದೇ ನೀವೊಬ್ರು ಅಂತಿದ್ರು. ನೀವೇ ಹೀಗೆ ಬರೆಸಿದ್ರಲ್ಲಮ್ಮ" ಎಂದಳು.

"ನಾನು ಏನು ಬರೆಸಿದೆ?" ಅಮ್ಮ ನಿಜವಾಗಿಯೂ ಕಕ್ಕಾಬಿಕ್ಕಿಯಾದರು.

"ಅವರು ಓಡಿದ್ರು ಅಂತ. ಇಬ್ಬರು ಅಂತ."

"ಇಬ್ಬರು ಅಂತ ನಾನೆಲ್ಲಿ ಅಂದೆ? ಅವರು ಅಂದೆ ಅಷ್ಟೇ. ಅವರು ಅಂದ್ರೆ..." ಅಮ್ಮನಿಗೆ ಆಗ ಹೊಳೆಯಿತು. ತಮ್ಮ ಬಾಯಿಂದ ಬಂದ 'ರು' ಒಬ್ಬ ಮನುಷ್ಯನನ್ನು ಲಾಕಪ್ಪಿಗೆ ಹಾಕಿದೆ. ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. "ನಾಳೆ ಬೆಳಿಗ್ಗೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ. ಅಲ್ಲಿಗೆ ಹೋದ್ರೆ ಜೈಲೇ ಅಂತೆ" ಎಂದು ಅವಳು ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ರೇಗಿಸಲಿಲ್ಲ. "ಸ್ಟೇಷನ್ನಿಗೆ ಹೋಗಿ ಒಬ್ಬನೇ ಅಂತ ಹೇಳಿ ಬಾ. ಅಷ್ಟೇ ತಾನೇ" ಎಂದರು.

"ಅಷ್ಟೇ ಅಲ್ಲ." ಅಮ್ಮ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. "ಮೊದಲು ಒಬ್ಬರನ್ನೇ ಕಂಡ ನೆನಪು. ಕಟಿಂಗ್ ಶಾಪಿನವರು ಬೆಳಿಗ್ಗೆ ಸಂಜೆ ಬಂದು ಇಬ್ಬರು, ಜೋಡೆತ್ತು ಅಂತ ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದ್ರೆ ಇಬ್ಬರು ಕಾಣ್ತಾರೆ. ಹಿಂದೆ ಇರೋವರಿಗೆ ಬೀಗದವರ ಮುಖ. ಕಂಡಿದ್ದು ಯಾವುದು, ಕೇಳಿದ್ದು ಯಾವುದು, ಒಂದೂ ಗೊತ್ತಾಗ್ತಿಲ್ಲ. ಅಂಗಿ ಬಣ್ಣಾನೇ ತಪ್ಪು ಹೇಳಿದೋಳು ನಾನು."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಅದಕ್ಕೇ ಹೇಳಿರೋದು" ಎಂದರು ಯಜಮಾನರು. "ತಾತನ ಆ ಗಾಜಲ್ಲಿ ನೋಡಿದ್ರೆ ಹಸುಗೂಸಿನ ಉಗುರೂ ಕಪ್ಪೇ. ನೀನು ಎಷ್ಟು ಕಂಡ್ಯೋ ಅಷ್ಟು ಹೇಳು. ಕಾಣದ್ದನ್ನ ಕಾಣಲಿಲ್ಲ ಅನ್ನು. ಸಾಕ್ಷಿ ಅಂದ್ರೆ ಇಷ್ಟೇ ಕಣೇ."

ಬೆಳಿಗ್ಗೆ ಅಮ್ಮ ಅಂಗಡಿಯ ಬಾಗಿಲು ತೆಗೆಯಲಿಲ್ಲ. ನೇರ ಸ್ಟೇಷನ್ನಿಗೆ ಹೋದರು. ಬಾಗಿಲ ಹೊರಗೆ ಬೀಗದವನ ಹೆಂಡತಿ ನಿಂತಿದ್ದಳು. ಒಳಗೆ ಉದ್ದನೆಯ ಮೇಜು, ಅದರ ಒಂದು ತುದಿಗೆ ಇನ್ಸ್‌ಪೆಕ್ಟರು, ಇನ್ನೊಂದು ತುದಿಗೆ ಹೇಳಿಕೆ ಬರೆದುಕೊಳ್ಳುವ ರೈಟರು. ಗೋಡೆಯ ಪಕ್ಕದ ಬೆಂಚಿನ ಮೇಲೆ ಕೋರ್ಟಿಗೆ ಹೊರಡಲು ಕೂರಿಸಿದ್ದ ಕಳ್ಳ. ಸೊರಗಿದ ಮನುಷ್ಯ. ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿತ್ತು. ಅಮ್ಮನ ಕಣ್ಣು ಮೊದಲು ಹೋದದ್ದು ಅಲ್ಲಿಗೇ.

ಇನ್ಸ್‌ಪೆಕ್ಟರು ಕೆಟ್ಟವರೇನಲ್ಲ, ದಣಿದವರು. ಅಮ್ಮನಿಗೆ ಕುರ್ಚಿ ಹಾಕಿಸಿದರು, ನೀರು ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಕೇಳಿ, ತಲೆ ಅಲ್ಲಾಡಿಸಿದರು.

"ಅಮ್ಮ, ನೀವೇ ಓದಿ ಸಹಿ ಹಾಕಿದ್ದೀರಿ. 'ಅವರು ಓಡಿಹೋದರು.' ನಿನ್ನೆ ಆ ಹೆಂಗಸು ನಿಮ್ಮ ಅಂಗಡಿಗೆ ಬಂದಿದ್ದು ಬೀದಿಗೆಲ್ಲ ಗೊತ್ತು. ನಿಮ್ಮ ಮನಸ್ಸು ಕರಗಿತು. ಇವತ್ತು ಬಂದು ಒಬ್ಬನೇ ಅಂತೀರಿ. ಯಾರು ನಂಬ್ತಾರೆ?"

"ಅವರು ಒಬ್ಬರೇ ಓಡಿದ್ದು."

"ಅವರು ಅಂದ್ರೆ ಒಬ್ಬರು ಹೇಗಾಗ್ತಾರೆ ತಾಯಿ?"

"ನಮ್ಮ ಯಜಮಾನರನ್ನೂ ನಾನು ಅವರು ಅಂತೀನಿ. ನನಗಿರೋದು ಒಬ್ಬರೇ."

ರೈಟರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡರು. ಇನ್ಸ್‌ಪೆಕ್ಟರಿಗೂ ನಗು ಬಂತು, ಆದರೆ ಪಟ್ಟು ಬಿಡಲಿಲ್ಲ. "ಗಂಡನಿಗೆ ಸರಿ. ಕಳ್ಳನಿಗೆ ಯಾರು ಬಹುವಚನ ಕೊಡ್ತಾರೆ?"

ಅಮ್ಮ ಬೆಂಚಿನ ಕಡೆ ಕೈ ತೋರಿಸಿದರು. "ಇವರೇ ಸಾರ್. ಪೆಟ್ಟಿಗೆ ಇವರ ಕಂಕುಳಲ್ಲೇ ಇತ್ತು. ಇವರೇ ಓಡಿದ್ದು."

ಇನ್ಸ್‌ಪೆಕ್ಟರು ಬೆಂಚನ್ನು ನೋಡಿದರು. ಒಬ್ಬನೇ ಕೂತಿದ್ದ. 'ಇವರು' ಯಾರೆಂದು ಅವರು ಒಂದು ಗಳಿಗೆ ನಿಜಕ್ಕೂ ಹುಡುಕಿದರು. ಈ ಸಲ ರೈಟರು ಬಾಯಿಬಿಟ್ಟೇ ನಕ್ಕರು.

"ಸರಿ, ನನಗೆ ಅರ್ಥ ಆಯ್ತು" ಎಂದರು ಇನ್ಸ್‌ಪೆಕ್ಟರು, ಕಣ್ಣುಜ್ಜಿಕೊಳ್ಳುತ್ತ. "ಆದ್ರೆ ಕಾಗದಕ್ಕೆ ನಿಮ್ಮ ಸ್ವಭಾವ ಗೊತ್ತಿಲ್ಲವಲ್ಲ. ಕೋರ್ಟಲ್ಲಿ ಓದೋರು ಕಾಗದ ಓದ್ತಾರೆ. ಇನ್ನೊಂದು ಹೇಳಿಕೆ ಕೊಡಿ, ಅನುಮಾನಕ್ಕೆ ಎಡೆ ಇಲ್ಲದ ಹಾಗೆ. 'ಅವನು ಒಬ್ಬನೇ ಓಡಿದ.' ನಿಮ್ಮ ಬಾಯಿಂದ್ಲೇ ಬರಬೇಕು."

"ಒಬ್ಬರೇ ಓಡಿದರು ಅಂದ್ರೆ ಆಗಲ್ವಾ?"

"ಒಬ್ಬೊಬ್ಬರೇ ಓಡಿದರು ಅಂತ ಓದ್ತಾರೆ ವಕೀಲರು" ಎಂದರು ರೈಟರು. ಅನುಭವದ ಮಾತು.

"ಅದಕ್ಕೂ ಮೊದಲು, ಅಮ್ಮ, ನಿಜ ಹೇಳಿ. ನಿಮಗೆ ಖಂಡಿತವಾ?" ಎಂದರು ಇನ್ಸ್‌ಪೆಕ್ಟರು.

ಅಮ್ಮ ಸೆರಗಿನ ತುದಿ ಸುತ್ತಿ ಬಿಚ್ಚಿದರು. ಖಂಡಿತ ಅಂದುಬಿಟ್ಟರೆ ಕೆಲಸ ಸುಲಭ. "ಗಾಜಿನ ಸದ್ದು ಕೇಳಿ ತಲೆ ಎತ್ತಿದಾಗ ನನಗೆ ಕಂಡಿದ್ದು ಒಬ್ಬರು. ಅದು ಖಂಡಿತ. ಆಮೇಲೆ ಬಗ್ಗಿ ಗುಂಡಿ ಆರಿಸ್ತಿದ್ದೆ. ಹಿಂದೆ ಯಾರು ಬಂದ್ರು, ಹಿಡಿಯೋಕೆ ಬಂದ್ರಾ, ಸುಮ್ನೆ ಬಂದ್ರಾ, ನಾನು ಕಾಣಲಿಲ್ಲ. ಅಂಗಿ ನೀಲಿ ಅಂದಿದ್ದೂ ತಪ್ಪು. ಅದನ್ನೂ ಬರ್ಕೊಳ್ಳಿ."

ರೈಟರು ಪೆನ್ನು ಹಿಡಿದು ಕಾದರು. ಅಮ್ಮ ಬಾಯಿ ತೆರೆದರು. 'ಅ' ಬಂತು, 'ವ' ಬಂತು, ಅದರ ಮುಂದಿನ 'ನು' ಬರಲಿಲ್ಲ. ನಾಲ್ಕು ಜನರ ಎದುರು ಒಬ್ಬ ಮನುಷ್ಯನನ್ನು ಬೆರಳು ಮಾಡಿ ಅವನು ಎನ್ನುವುದು! ಅವರಿಗೆ ಮಂಡಿಯ ಗುಮಾಸ್ತನ ಧ್ವನಿ ಕೇಳಿಸಿತು. ಇತ್ತ ಅದನ್ನು ಹೇಳದಿದ್ದರೆ ಒಳಗೆ ಕಂಬಿಯ ಹಿಂದೆ ಕೂತ ಬೀಗದವರಿಗೆ, ಎಲ್ಲರ ಕೈಲೂ 'ಏಯ್' ಅನ್ನಿಸಿಕೊಳ್ಳುವ ಬೀಗದವರಿಗೆ, ಬಿಡುಗಡೆ ಇಲ್ಲ. ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿದರು. ಹೇಳಿ ತಾಯಿ, ಅನ್ನುತ್ತಿದ್ದರು ಖಂಡಿತ.

ಅಮ್ಮ ಎದ್ದು ಬೆಂಚಿನ ಹತ್ತಿರ ಹೋದರು. ಕಳ್ಳ ಗಾಬರಿಯಿಂದ ಅರ್ಧ ಎದ್ದು ನಿಂತ.

"ನೋಡಿ, ನಿಮ್ಮನ್ನ ಒಂದು ಸಲ ಏಕವಚನದಲ್ಲಿ ಅನ್ನಬೇಕಾಗಿ ಬಂದಿದೆ. ಬೇರೆ ದಾರಿ ಇಲ್ಲ. ತಪ್ಪು ತಿಳ್ಕೋಬೇಡಿ."

ಹಿಡಿದ ದಿನದಿಂದ ಅವನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಈ ಹಿರಿಯ ಹೆಂಗಸು ಕೈ ಜೋಡಿಸಿದ ಹಾಗೆ ನಿಂತು ಕ್ಷಮೆ ಕೇಳುತ್ತಿದ್ದಾರೆ. ಅವನಿಗೆ ಪೂರಾ ಸಂಕೋಚವಾಯಿತು.

"ಅಯ್ಯೋ, ಅನ್ನಿ ಅಮ್ಮ, ಅದಕ್ಕೇನಂತೆ!" ಎಂದ. "ನಾನಿದ್ದಿದ್ದೇ ಒಬ್ಬ."

ರೈಟರ ಪೆನ್ನು ನಿಂತಿತು. ಇನ್ಸ್‌ಪೆಕ್ಟರು ನಿಧಾನವಾಗಿ ಕುರ್ಚಿ ತಿರುಗಿಸಿದರು. "ಏನಂದೆ?"

ಕಳ್ಳ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಅಮ್ಮನ ಮುಖ ನೋಡಿದ, ನೆಲ ನೋಡಿದ, ಕೊನೆಗೆ ಗೋಡೆಯನ್ನೂ ನೋಡಿದ. "ನೀವೇ ಅಲ್ವಾ ಸಾರ್, ಹಿಡಿದಾಗಿಂದ ಇನ್ನೊಬ್ಬ ಎಲ್ಲಿ, ಇನ್ನೊಬ್ಬ ಎಲ್ಲಿ ಅಂತ ಕೇಳಿದ್ದು. ಇಷ್ಟು ದೊಡ್ಡವರು ಕೇಳ್ತಿದ್ದಾರೆ, ಇಲ್ಲ ಅನ್ನೋದು ಹೇಗೆ ಅಂತ ಹೂಂ ಅಂದೆ. ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ. ಅರ್ಧ ವಾಚು ಅವತ್ತೇ ಮಾರಿಬಿಟ್ಟೆ" ಎಂದ.

ಇನ್ಸ್‌ಪೆಕ್ಟರು ರೈಟರಿಗೆ ಹೊಸ ಹಾಳೆ ತೆಗೆಯಲು ಸನ್ನೆ ಮಾಡಿದರು. ಅಮ್ಮ ಮತ್ತೆ ಬಂದು ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, "ಬರ್ಕೊಳ್ಳಿ" ಎಂದರು. "ಅವನು ಒಬ್ಬನೇ ಓಡಿದ." ಗಟ್ಟಿಯಾಗಿ, ಕೊನೆಯ ಅಕ್ಷರದವರೆಗೆ ಹೇಳಿದರು. ಹೇಳಿದ ಮೇಲೆ ಕಹಿ ಮಾತ್ರೆ ನುಂಗಿದವರಂತೆ ನೀರು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಆದರೆ ಹೊಟ್ಟೆಗೆ ಹಾಲು ಹುಯ್ದ ಹಾಗಾಗಿತ್ತು.

ಬರೆಯುವುದು, ಸಹಿ, ಮೇಲಿನವರಿಗೆ ಫೋನು ಎಂದು ಸಂಜೆಯಾಯಿತು. ಅಮ್ಮ ಹೊರಡಲಿಲ್ಲ, ಹೊರಗೆ ಮೆಟ್ಟಿಲ ಮೇಲೆ ಬೀಗದವನ ಹೆಂಡತಿಯ ಪಕ್ಕ ಕೂತಿದ್ದರು. ಬೀಗದವನು ಹೊರಬಂದಾಗ ಹೆಂಡತಿ ಅವನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಳು. ಮೂವರೂ ನಡೆದುಕೊಂಡೇ ಹೊರಟರು. ದಾರಿಯಲ್ಲಿ ಮನೆಯ ಮಗುವಿಗೆಂದು ಬ್ರೆಡ್ಡು ಕೊಳ್ಳಲು ಅವಳು ಅಂಗಡಿಯೊಂದರ ಒಳಗೆ ಹೋದಳು. ಇವರಿಬ್ಬರೂ ಹೊರಗೆ ದೀಪದ ಕಂಬದ ಹತ್ತಿರ ನಿಂತರು.

"ನಿಮ್ಮಿಂದ ಹೊರಗೆ ಬಂದೆ ಅಮ್ಮ" ಎಂದ ಬೀಗದವನು.

"ನನ್ನಿಂದ್ಲೇ ಒಳಗೆ ಹೋಗಿದ್ದೂ. ಬಿಡಿ" ಎಂದರು ಅಮ್ಮ. "ಬೀದೀಲಿ ಈಗ ಎಲ್ಲರಿಗೂ ಗೊತ್ತಾಗುತ್ತೆ, ಕಳ್ಳರನ್ನ ಹಿಡಿಯೋಕೆ ಜೀವ ಒತ್ತೆ ಇಟ್ಟು ಓಡಿದವರು ನೀವು ಅಂತ."

ಬೀಗದವನು ತನ್ನ ಕಪ್ಪು ಉಗುರುಗಳನ್ನು ನೋಡಿಕೊಂಡ. "ನಿಮ್ಮ ಹತ್ರ ಸುಳ್ಳು ಹೇಳೋಕೆ ಮನಸ್ಸು ಬರಲ್ಲ ಅಮ್ಮ. ನಾನು ಹಿಡಿಯೋಕೆ ಓಡಲಿಲ್ಲ."

"ಮತ್ತೆ?"

"ಹೆದರಿ ಓಡಿದೆ. ಗಾಜು ಒಡೆದ ಸದ್ದು ಕೇಳ್ತು ನೋಡಿ, ಕಾಲು ತಾನೇ ಓಡಿಬಿಡ್ತು. ಕುಂಬಳಕಾಯಿ ಕಳ್ಳ ಅಂದ್ರೆ ಕದ್ದೋನು ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಾನು ಕದಿಯದೇನೇ ಮುಟ್ಟಿ ನೋಡ್ಕೊಳ್ಳೋನು. ಎಲ್ಲಿ ಏನು ಮುರಿದ್ರೂ ಮೊದಲು ಹಿಡಿಯೋದು ನನ್ನನ್ನೇ. ಅವನೂ ಅದೇ ಕಡೆ ಓಡ್ತಿದ್ದ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಸ್ಟೇಷನ್ನಲ್ಲಿ ಹೆದರಿ ಓಡಿದೆ ಅಂದ್ರೆ ಬಿಡ್ತಾರಾ? ಅದಕ್ಕೆ ಅಟ್ಟಿಸ್ಕೊಂಡು ಹೋದೆ ಅಂದೆ."

ಅಮ್ಮ ಮನಸ್ಸಿನಲ್ಲೇ ಎಣಿಸಿದರು. ತಾತ, ಕಟಿಂಗ್ ಶಾಪಿನವನು, ಪೊಲೀಸರು, ತಾವು, ಇಷ್ಟು ಜನ ಇಷ್ಟು ದಿನ ಎಷ್ಟು ಜನ ಓಡಿದರು ಎಂದು ಬಡಿದಾಡಿದ್ದಾಯಿತು. ಯಾಕೆ ಓಡಿದಿರಿ ಎಂದು ಈ ಮನುಷ್ಯನನ್ನು ಯಾರೂ ಕೇಳಿರಲಿಲ್ಲ. ಅಂಗಡಿಯಿಂದ ಅವನ ಹೆಂಡತಿ ಬ್ರೆಡ್ಡು ಹಿಡಿದು ಹೊರಬರುತ್ತಿದ್ದಳು. ಎರಡು ದಿನದ ಮೇಲೆ ಅವಳ ಮುಖ ಅರಳಿತ್ತು.

"ಬೀದಿಯವರು ಕೇಳಿದ್ರೆ ಅಟ್ಟಿಸ್ಕೊಂಡು ಹೋದೆ ಅಂತಲೇ ಹೇಳಿ" ಎಂದರು ಅಮ್ಮ, ತಗ್ಗಿದ ದನಿಯಲ್ಲಿ. "ಇನ್ನೇನು ಕಾಲರ್‌ಗೆ ಕೈ ಹಾಕೇ ಬಿಟ್ಟಿದ್ದೆ ಅಂತ ಬೇಕಾದ್ರೂ ಸೇರಿಸ್ಕೊಳ್ಳಿ. ನಾನಂತೂ ಆಗ ಬಗ್ಗಿ ಗುಂಡಿ ಆರಿಸ್ತಿದ್ದೆ."